ರಕ್ತನಾಳ ನೇಯುವವಳು

ಶರತ್ಕಾಲದ ಆ ಸಂಜೆ ನೇಕಾರರ ಬೀದಿಯ ಮೇಲೆ ಇಳಿಬಿಸಿಲು ಹರಡಿ, ಮಳೆ ತೊಳೆದ ಗೋಡೆಗಳೆಲ್ಲ ಹೊಂಬಣ್ಣಕ್ಕೆ ತಿರುಗಿದ್ದವು. ಆದರೆ ಸಹೃದಯರೇ, ಆ ಸೌಂದರ್ಯದ ಎದೆಯೊಳಗೆ ಎಂಥ ನಿಶ್ಶಬ್ದ! ಒಂದು ಕಾಲಕ್ಕೆ ಮನೆಮನೆಯಿಂದ ಹೊಮ್ಮಿ ಜಡಿಮಳೆಯಂತೆ ಬೀದಿ ತುಂಬುತ್ತಿದ್ದ ಕೈಮಗ್ಗಗಳ ಲಟಪಟ ನಾದ ಒಂದೊಂದಾಗಿ ಅಡಗಿ, ಈಗ ಊರಾಚೆಯ ಹೊಸ ಕಾರ್ಖಾನೆಯ ಏಕಶ್ರುತಿಯ ಗುಂಯ್‌ಕಾರವೊಂದೇ ಉಳಿದಿತ್ತು...

ಆ ಕಾರ್ಖಾನೆಯಿಂದಲೇ ಅವಳು ಮನೆಗೆ ಮರಳುತ್ತಿದ್ದಳು, ಓಡುನಡಿಗೆಯಲ್ಲಿ. ಪಾಲಿಯೆಸ್ಟರ್ ಎಳೆಗಳಿಂದ ಕಿರುಬೆರಳ ಗಾತ್ರದ, ಹೊಲಿಗೆಯೇ ಇಲ್ಲದ ಕೊಳವೆಗಳನ್ನು ನೇಯುವುದು ಅವಳ ಕೆಲಸ. ಕೆಟ್ಟುಹೋದ ರಕ್ತನಾಳದ ಜಾಗದಲ್ಲಿ ಶಸ್ತ್ರವೈದ್ಯರು ಅವನ್ನು ಕೂಡಿಸುತ್ತಿದ್ದರು. ಅಂದು ಅವಳೊಬ್ಬಳೇ ನೇಯ್ದ ಮೊದಲ ಕೊಳವೆ ಸೋರಿಕೆಯ ಪರೀಕ್ಷೆಯನ್ನು ಗೆದ್ದಿತ್ತು! ಆ ಸಂತೋಷವನ್ನು ಗಂಡನ ಕಿವಿಗೆ ಮೊದಲು ಹಾಕಬೇಕೆಂದು ಅವಳ ಜೀವ ತುಡಿಯುತ್ತಿತ್ತು.

ಗಂಡ ರೇಷ್ಮೆ ನೇಕಾರ, ಹೆಸರಾಂತ ಕಲಾವಂತ. ಅವನ ಮಗ್ಗಕ್ಕೆ ಅವಳು ವರ್ಷಗಟ್ಟಲೆ ನೂಲು ಸುತ್ತಿ ಕೊಟ್ಟಿದ್ದಳು. ಕಡಿದ ಎಳೆಗೆ ಗಂಟುಹಾಕುವಾಗ ಬೆರಳಿಗೆ ಬೆರಳು ತಾಕಿ, ಇಬ್ಬರೂ ಕೆಲಸ ಮರೆತು ಕೂತ ಮಧ್ಯಾಹ್ನಗಳೆಷ್ಟೋ! ಯಂತ್ರದ ಅಗ್ಗದ ಬಟ್ಟೆ ಬಂದು ಮಗ್ಗ ನಿಂತ ಮೇಲೆ ಅವನ ಮಾತೂ ನಿಂತಿತ್ತು.

ಒಳಗೆ ಅವನ ಅಕ್ಕ–ಭಾವ ಬಂದು ಕೂತಿದ್ದರು. ಅವಳು ಚಪ್ಪಲಿ ಬಿಡುತ್ತಿದ್ದಾಗ ಅಕ್ಕನ ದನಿ ಕೇಳಿಸಿತು.

“ಅವಳಿಗೆ ಆ ಕಾರ್ಖಾನೇಲಿ ಏನೋ ಕೆಲಸ?”

“ಏನಿಲ್ಲ ಅಕ್ಕ... ಕಸ ಗುಡಿಸ್ತಾಳೆ.”

ಮಿಂಚು ಹೊಡೆದ ಮರದಂತೆ ಅವಳು ಹೊಸ್ತಿಲಲ್ಲೇ ನಿಂತಳು. ಕಸ ಗುಡಿಸುವುದು ಅವಮಾನವಲ್ಲ. ತನ್ನ ಕೈ ಕಲಿತ ವಿದ್ಯೆಯನ್ನು, ತಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವನೇ ಹೀಗೆ ಗುಡಿಸಿ ಹಾಕಿದನಲ್ಲ! ಅಡಿಯಿಂದ ಮುಡಿಯವರೆಗೆ ಉರಿ ಹತ್ತಿತು.

“ನಾನು ಅಲ್ಲಿ ನೇಯ್ತೀನಿ, ಅತ್ತಿಗೆ,” ಎಂದಳು ಒಳಗೆ ಬಂದು. “ಮನುಷ್ಯರ ಮೈಯೊಳಗೆ ರಕ್ತ ಹರಿಯೋ ನಾಳ ನೇಯ್ತೀನಿ. ನಿಮ್ಮ ತಮ್ಮನಿಗೆ ಅದನ್ನ ಹೇಳೋಕೆ ಬಾಯಿ ಬರಲಿಲ್ಲ.”

ಭಾವ ಮೆಲ್ಲನೆ ಎದ್ದರು. ಅಕ್ಕ ಅವರ ಹಿಂದೆಯೇ ಹೊರಟಳು. ಉಳಿದವರು ಅವರಿಬ್ಬರೇ.

“ಪ್ಲಾಸ್ಟಿಕ್ ದಾರ ಅದು...” ಎಂದು ಅವನು ಗೊಣಗಿದ. “ನನ್ನ ಮಗ್ಗ ಸತ್ತು ಬಿದ್ದಿದೆ. ನಿನ್ನದು ಓಡ್ತಿದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ನಿಮ್ಮ ಮಗ್ಗ ಓಡ್ತಿದ್ದಾಗ ನಾನು ಊರಿಗೆಲ್ಲ ಹೇಳ್ಕೊಂಡು ತಿರುಗಿರ್ಲಿಲ್ವಾ? ಆಗ ನನಗೆಲ್ಲಿಂದ ಬಂದಿತ್ತು ಮುಖ?” ಅವಳ ದನಿ ಬಿರುಗಾಳಿಗೆ ಸಿಕ್ಕ ಜ್ವಾಲೆಯಂತೆ ಕಂಪಿಸಿತು. “ನಿಮ್ಮ ದುಃಖ ನನಗೆ ಗೊತ್ತು. ಅದರಲ್ಲಿ ಪಾಲು ಕೊಡಿ, ಹೊರ್ತೀನಿ. ಆದರೆ ಅದನ್ನ ಮುಚ್ಚೋಕೆ ನನ್ನನ್ನ ಹೊದಿಕೆ ಮಾಡ್ಕೋಬೇಡಿ!”

ಅವನು ತಲೆ ತಗ್ಗಿಸಿದ. ಆಮೇಲೆ ಎದ್ದು ಬರಿಗಾಲಲ್ಲೇ ಬೀದಿಗೆ ಓಡಿದ. ತಿರುವಿನ ಬಳಿ ಅಕ್ಕನನ್ನು ತಡೆದು ನಿಲ್ಲಿಸಿ, ನೆರೆಮನೆಯವರು ಕಿಟಕಿ ತೆರೆಯುವಷ್ಟು ಗಟ್ಟಿಯಾಗಿ ಹೇಳಿದ:

“ನಾನು ಸುಳ್ಳು ಹೇಳ್ದೆ ಅಕ್ಕ! ಅವಳು ನೇಯೋದು ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ. ಹೊಟ್ಟೆಕಿಚ್ಚಿಗೆ ಹಾಗಂದೆ.”

ಹಿಂತಿರುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಅವಳು ಕರಗಲಿಲ್ಲ, ನಗಲಿಲ್ಲ. ಸಿಟ್ಟು ಇನ್ನೂ ಕೆಂಡದಂತೆ ನಿಗಿನಿಗಿಸುತ್ತಿತ್ತು.

“ನೀನು ನೇಯೋ ನಾಳ ಹೇಗಿರುತ್ತೆ... ಹೇಳ್ತೀಯಾ?” ಎಂದ.

“ಇವತ್ತು ಹೇಳಲ್ಲ,” ಎಂದಳು. “ಇವತ್ತು ಹೇಳೋಕಂತಲೇ ಓಡಿ ಬಂದಿದ್ದೆ.” ಅವನು ಎದ್ದುಹೋಗದೆ ಅವಳೆದುರೇ ಕೂತ.

ಪ್ರೇಮವೆಂದರೆ ಸದಾ ಬೆಳದಿಂಗಳೆಂದು ಬಗೆಯುವವರು ಎಷ್ಟು ಮುಗ್ಧರು! ಉದಾಸೀನಕ್ಕೆ ಉರಿಯುವ ಶಕ್ತಿಯಿಲ್ಲ. ಇನ್ನೂ ಸಮಾನತೆಯನ್ನು ಬೇಡುವ, ಇನ್ನೂ ನೋಯಬಲ್ಲ ಹೃದಯಕ್ಕೆ ಮಾತ್ರ ಅಂಥ ಕೋಪ ಒಲಿಯುತ್ತದೆ. ಆ ಉರಿಯೆದುರು ಓಡಿಹೋಗದೆ ಕೂರಬಲ್ಲವನೇ ಪ್ರಾಯಶಃ ಒಲವಿಗೆ ಅರ್ಹನಾಗುತ್ತಾನೆ...