ಬರೆದು ಕಲಿತ ಹೆರಿಗೆ

ಓದಿದ ಕಾಲೇಜಿನಿಂದ ಬೆಗಿಮಾಯ್‌ಗೆ ಒಂದು ಪ್ರಶ್ನೆಪಟ್ಟಿ ಬಂದಿತ್ತು. ಯಾವ ವಿಷಯವನ್ನು ಹೇಗೆ ಕಲಿಸಿದರು, ಒಂದರಿಂದ ಐದರವರೆಗೆ ಅಂಕ ಕೊಡಬೇಕು. ನರಿನ್ ಬೆಟ್ಟಗಳ ನಡುವಿನ ಆ ಹಳ್ಳಿಗೆ ಅವಳೊಬ್ಬಳೇ ಡಾಕ್ಟರು. ಧಾರಾಳವಾಗಿ ಅಂಕ ಹಾಕುತ್ತ ಬಂದವಳು ಹೆರಿಗೆ ವಿಭಾಗದ ಸಾಲಿಗೆ ಬಂದು ಪೆನ್ನು ಕೆಳಗಿಟ್ಟಳು.

ಅವರ ಕಾಲೇಜಿನಲ್ಲೊಂದು ಪದ್ಧತಿ. ಪ್ರಾಯೋಗಿಕ ತರಗತಿ ತಪ್ಪಿಸಿಕೊಂಡವರು ಆ ಪಾಠವನ್ನು ಕೈಯಾರೆ ಬರೆದುಕೊಟ್ಟರೆ ಸಾಕು, ಹಾಜರಿ ಸಿಗುತ್ತಿತ್ತು. ರೋಗಿಯನ್ನು ಮುಟ್ಟದೆ ಡಾಕ್ಟರಾಗಲು ಇದಕ್ಕಿಂತ ಸಲೀಸಾದ ದಾರಿ ಇನ್ನೇನು ಬೇಕು? ಹೆರಿಗೆಯಾದ ಮೇಲೆ ಮಾಸು ಬೀಳದಿದ್ದರೆ ಕೈಹಾಕಿ ಬಿಡಿಸುವುದನ್ನು ಗೊಂಬೆಯ ಮೇಲೆ ಕಲಿಸಿದ ವಾರ ಬೆಗಿಮಾಯ್ ಅಣ್ಣನ ಮದುವೆಗೆ ಹೋಗಿದ್ದಳು. ಬಂದವಳೇ ಹದಿನೆಂಟು ಪುಟ ಬರೆದಳು. ಮುತ್ತು ಪೋಣಿಸಿದಂಥ ಅಕ್ಷರ. ಐದಕ್ಕೆ ಐದು ಸಿಕ್ಕಿತು.

ಹೋದ ಮಾರ್ಚ್‌ನಲ್ಲಿ ಹಳ್ಳಿಯ ನಾಜಿಗುಲ್‌ಗೆ ಹೆರಿಗೆಯಾಯಿತು. ಮಗು ಹುಟ್ಟಿ ಅತ್ತಿತು, ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಪಟ್ಟಣದ ದಾರಿ ಹಿಮಕ್ಕೆ ಮುಚ್ಚಿತ್ತು. ಹದಿನೆಂಟು ಪುಟವೂ ಬೆಗಿಮಾಯ್‌ಗೆ ಬಾಯಿಗೆ ಬಂತು, ಕೈಗೆ ಮಾತ್ರ ಏನೂ ಗೊತ್ತಿರಲಿಲ್ಲ. "ಹೆದರ್ಬೇಡ ತಂಗಿ, ನಿಧಾನಕ್ಕೆ ಮಾಡು" ಎಂದು ಡಾಕ್ಟರಿಗೇ ಧೈರ್ಯ ಹೇಳುತ್ತ ಹೇಳುತ್ತ ನಾಜಿಗುಲ್ ತಣ್ಣಗಾದಳು.

ಅಷ್ಟರಲ್ಲಿ ಫೋನ್ ಬಂತು. ಹೆರಿಗೆ ವಿಭಾಗದ ಸೈರಾಕಾನ್ ಮೇಡಂ. ಹುಡುಗಿಯರೆಲ್ಲ ಅವರನ್ನು ಅಕ್ಕ ಎನ್ನುವಂತೆ ಎಜೆ ಎಂದೇ ಕರೆಯುತ್ತಿದ್ದರು.

"ಪಟ್ಟಿ ಬಂತೇನಮ್ಮ? ನಮಗೆ ಐದು ಹಾಕ್ಬಿಡು. ಕಮ್ಮಿ ಬಿದ್ರೆ ವಿಭಾಗಾನೇ ಮುಚ್ತಾರಂತೆ. ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ?"

"ನನ್ನ ಕೈಲಿ ಒಬ್ಬ ಬಾಣಂತಿ ಹೋದ್ಲು, ಎಜೆ. ಮಾಸು ಬಿಡಿಸೋಕೆ ನಂಗೆ ಬರ್ಲಿಲ್ಲ."

"ನಿಂಗಾ? ನಿನ್ನಷ್ಟು ಚೆನ್ನಾಗಿ ಬರೆದೋರೇ ಇಲ್ವಲ್ಲೇ. ನಿನ್ನ ನೋಟ್ ಪುಸ್ತಕ ಇನ್ನೂ ನನ್ಹತ್ರಾನೇ ಇದೆ. ತರಗತಿ ತಪ್ಪಿಸಿದೋರಿಗೆಲ್ಲ ಅದನ್ನೇ ಕೊಡ್ತೀನಿ, ನೋಡ್ಕೊಂಡು ಬರೀರಿ ಅಂತ. ನಲವತ್ತು ಜನ ಪಾಸಾದ್ರು ಕಣೇ."

ಬೆಗಿಮಾಯ್ ಪೆನ್ನೆತ್ತಿ ಆ ಸಾಲಿನ ಮುಂದೆ ಒಂದು ಎಂದು ಬರೆದಳು. ಅವಳ ಕಣ್ಣು ತುಂಬಿ ಬಂದಿತ್ತು.

"ಎಜೆ, ಆ ನಲವತ್ತು ಜನ ಈಗ ಯಾವ್ಯಾವ ಹಳ್ಳೀಲಿದ್ದಾರೆ?"

ಬೆಗಿಮಾಯ್ ಪ್ರಶ್ನೆಪಟ್ಟಿಯನ್ನು ಮಗುಚಿ, ಹಿಂಬದಿಯ ಖಾಲಿ ಹಾಳೆಯ ಮೇಲೆ ಪೆನ್ನಿಟ್ಟಳು.

"ಒಬ್ಬೊಬ್ರ ಹೆಸರೂ ಹೇಳಿ. ನಾನೇ ಫೋನ್ ಮಾಡ್ತೀನಿ."