ಚಿಲಕ ಮತ್ತು ಸ್ಟೂಲು

ನಮ್ಮ ಊಟದ ಮನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಬಡವರಿಗಾಗಿ ಆ ಮನೆ ಕಟ್ಟಿದ ಸನ್ಯಾಸಿನಿ ತಾಯಿ ಕೈಯಾರೆ ಅದನ್ನು ಕಿತ್ತುಹಾಕಿದ್ದಳಂತೆ. ಆಕೆ ತೀರಿಕೊಂಡು ಎಷ್ಟೋ ಕಾಲದ ಮೇಲೆ ಪೋಪರು ಆಕೆಯನ್ನು ಸಂತಳೆಂದು ಸಾರಿದರು. ಸಾಲಿನಲ್ಲಿ ನಿಂತು ಉಣ್ಣುವ ನಮ್ಮಂಥವರಿಗೆ ಅದು ಮೊದಲ ತುತ್ತಿಗೇ ಗೊತ್ತಾಗಿತ್ತು. ಆ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ, ತಳ್ಳಿದರೆ ಸಾಕಿತ್ತು.

ತಾಯಿ ಕೂರುತ್ತಿದ್ದ ಮರದ ಸ್ಟೂಲು ಹಜಾರದ ಗಾಜಿನ ಪೆಟ್ಟಿಗೆಯಲ್ಲಿತ್ತು. ಮೊದಲು ಅದು ಹೊಸ್ತಿಲಲ್ಲೇ ಇರುತ್ತಿತ್ತಂತೆ. ಸಂತರ ವಸ್ತು ಹಾಳಾಗಬಾರದೆಂದು ಒಳಗಿಟ್ಟರು. ಬಂದವರೆಲ್ಲ ಗಾಜು ಮುಟ್ಟಿ ಕೈಮುಗಿಯುತ್ತಿದ್ದರು, ಅಡುಗೆಯಾಕೆ ಗಾಜು ಒರೆಸುತ್ತ ಬೈಯುತ್ತಿದ್ದಳು. ಆಕೆಗೆ ನಾವಿಟ್ಟ ಹೆಸರು ಗುಡುಗಮ್ಮ. ಬಾಯಿ ಜೋರು, ಕೈ ಧಾರಾಳ.

ಆ ವಾರ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಅಲ್ಲಿ ಬಂದು ಸೇರಿಕೊಂಡಿದ್ದಳು. ಗಂಡನ ಏಟಿಗೆ ಮುಖ ಊದಿತ್ತು. ಈ ಸಲ ಸಿಕ್ಕರೆ ಕೊಂದೇಬಿಡುತ್ತಾನೆ ಅಂದಿದ್ದಳು. ವೆಲ್ಡಿಂಗ್ ಕೆಲಸದ ಆ ಗಂಡ ಮಾರ್ಕೆಟ್ಟಿನಲ್ಲಿ ಅವಳನ್ನು ವಿಚಾರಿಸುತ್ತಿದ್ದಾನೆಂಬ ಸುದ್ದಿ ಬಂತು.

"ಸಿಸ್ಟರ್, ಬಾಗಿಲಿಗೊಂದು ಚಿಲಕ ಹಾಕಿಸೋಣ," ಅಂದಳು ಗುಡುಗಮ್ಮ.

"ತಾಯಿ ಕಿತ್ತಿದ್ದನ್ನ ನಾವು ಹಾಕಬಾರದಮ್ಮ," ಅಂದರು ಮನೆ ನಡೆಸುವ ದೊಡ್ಡ ಸಿಸ್ಟರ್.

"ಅವರು ಸಂತರು. ನಾವು? ಅವನು ಬಂದು ಎಳ್ಕೊಂಡು ಹೋಗುವಾಗ ಜಪಮಾಲೆ ಅಡ್ಡ ಹಿಡಿತೀರಾ?"

ಸಿಸ್ಟರ್ ರೋಗಿಯೊಬ್ಬರನ್ನು ನೋಡಲು ಎದ್ದು ಹೋದರು. ಮೌನವೇ ಸಮ್ಮತಿ ಎಂದುಕೊಂಡ ಗುಡುಗಮ್ಮ ಬಡಗಿಯನ್ನು ಕರೆಸಿ ಚಿಲಕ ಹಾಕಿಸಿಯೇಬಿಟ್ಟಳು.

ಮಧ್ಯಾಹ್ನ ನಾವು ಬಾಗಿಲ ಹೊರಗೆ ಸಾಲಿನಲ್ಲಿದ್ದೆವು. ತರಕಾರಿಯವನು ಓಡಿಬಂದು, "ಅಮ್ಮ, ಅವನು ಈ ಕಡೆಗೇ ಬರ್ತಿದಾನೆ," ಅಂದ. ಗುಡುಗಮ್ಮ ದಡಕ್ಕನೆ ಬಾಗಿಲೆಳೆದು ಚಿಲಕ ಜಡಿದಳು.

ಆದರೆ ಹೊಲಿಗೆಯವಳು ಒಳಗಿರಲಿಲ್ಲ. ದಾರ ತರಲು ಮೂಲೆಯಂಗಡಿಗೆ ಹೋಗಿದ್ದಳು. ಹೋಗಿದ್ದು ಗುಡುಗಮ್ಮನಿಗೆ ಗೊತ್ತಿಲ್ಲ, ಚಿಲಕ ಬಂದಿದ್ದು ಇವಳಿಗೆ ಗೊತ್ತಿಲ್ಲ. ಗಂಡನನ್ನು ಕಂಡವಳೇ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಬಾಗಿಲು ತಳ್ಳಿದಳು. ಅದು ಅಲುಗಲಿಲ್ಲ. ಎರಡೂ ಕೈಯಿಂದ ಬಡಿಯತೊಡಗಿದಳು. ಏದುಸಿರಿಗೆ ಗಂಟಲಿಂದ ಸ್ವರವೇ ಹೊರಡಲಿಲ್ಲ.

ತಟ್ಟುವವರೇ ಇಲ್ಲದ ಬಾಗಿಲನ್ನು ಈಗ ತಟ್ಟುವವನು ಆ ಗಂಡನಲ್ಲದೆ ಇನ್ಯಾರು? "ಕೈ ಮುರಿಯೋವರೆಗೂ ಬಡಿ," ಎಂದು ಒಳಗಿನಿಂದ ಗುಡುಗಮ್ಮ ಗುಡುಗಿದಳು. "ತೆಗೆಯಲ್ಲ ಕಣೋ."

ಗಂಡ ಬಂದು ಹೊಲಿಗೆಯವಳ ರಟ್ಟೆ ಹಿಡಿದ. ಹಳೇ ಹಮಾಲಿ ನಾನು, ಒಂದು ಕಾಲು ಸ್ವಾಧೀನದಲ್ಲಿಲ್ಲ. ಕಿಟಕಿಯವರೆಗೆ ಕುಂಟಿಕೊಂಡು ಹೋಗಿ ಕೂಗಿದೆ: "ಗುಡುಗಮ್ಮ, ತಟ್ತಿರೋದು ಅವಳೇ. ಅವಳು ಹೊರಗಿದಾಳೆ."

ಒಳಗೆ ಚಿಲಕ ಎಳೆದಾಡುವ ಸದ್ದು. ಹೊಸ ಚಿಲಕ, ಸಿಕ್ಕಿಹಾಕಿಕೊಂಡಿತ್ತು. ಹೊರಗೆ ಅವನು ಅವಳನ್ನು ದರದರನೆ ಎಳೆಯುತ್ತಿದ್ದ. ನಾವು ನೋಡುತ್ತ ನಿಂತಿದ್ದೆವು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಮುಂದೆ ಬಂದು ಅವನ ಅಂಗಿ ಹಿಡಿದಳು. ನಾಚಿಕೆಯಿಂದ ನಾವೂ ಹಿಡಿದೆವು.

ಬಾಗಿಲು ತೆರೆಯಿತು. ಗುಡುಗಮ್ಮ ಅವಳನ್ನು ಬಾಚಿ ಒಳಗೆಳೆದುಕೊಂಡಳು. ಅವನು ನಮ್ಮ ಹಿಡಿತದಲ್ಲಿ ಕೊಸರಾಡುತ್ತಿದ್ದಾಗಲೇ ಗಾಜಿನ ಪೆಟ್ಟಿಗೆ ತೆರೆದು, ಸಂತರ ಸ್ಟೂಲನ್ನು ಹೊಸ್ತಿಲಲ್ಲಿ ಕುಕ್ಕಿ, ತನ್ನ ಭಾರವನ್ನೆಲ್ಲ ಹಾಕಿ ಕೂತಳು. ಸ್ಟೂಲು ಕಿರುಗುಟ್ಟಿತು, ಮುರಿಯಲಿಲ್ಲ. ಆಕೆಯ ಕೆನ್ನೆ ಒದ್ದೆಯಾಗಿತ್ತು.

"ದಾರಿ ಬಿಡು," ಅಂದ ಅವನು.

"ಬಾಗಿಲು ತೆರೆದೇ ಇದೆಯಲ್ಲಪ್ಪ. ನನ್ನ ದಾಟ್ಕೊಂಡು ಹೋಗು."

ಅವನು ಒಂದು ಹೆಜ್ಜೆ ಮುಂದಿಟ್ಟ. ಆಕೆ ಏಳಲಿಲ್ಲ. ನಾವು ಆಕೆಯ ಎರಡೂ ಪಕ್ಕ ಒತ್ತಿಕೊಂಡು ನಿಂತೆವು. ಅವನು ಉಗಿದು, ಎದುರಿನ ಗೋಡೆಗೆ ಒರಗಿ ನಿಂತ. ಹೋಗಲಿಲ್ಲ.

ದೊಡ್ಡ ಸಿಸ್ಟರ್ ಬಂದವರು ಖಾಲಿ ಪೆಟ್ಟಿಗೆ ನೋಡಿದರು, ಚಿಲಕ ನೋಡಿದರು, ಎದುರಿಗಿದ್ದವನನ್ನೂ ನೋಡಿದರು. ಚಿಲಕ ಕೀಳಲು ಬಡಗಿಗೆ ಹೇಳಿಕಳಿಸಿ ಗುಡುಗಮ್ಮನ ಭುಜ ಮುಟ್ಟಿದರು.

"ಏಳಮ್ಮ. ಜನ ಹಸಿದಿದಾರೆ, ಬಡಿಸು ಹೋಗು. ನಾನು ಕೂತ್ಕೊತೀನಿ."

ಕಡ್ಡಿಯಂಥ ಸಿಸ್ಟರ್ ಸ್ಟೂಲಿನ ಮೇಲೆ ಕೂತರು. ಅವನು ಗೋಡೆ ಬಿಟ್ಟು ನೆಟ್ಟಗಾದ. ನಾನು ಅನ್ನ ಸಾರು ಬೇಗಬೇಗ ಉಂಡು ಕೈ ತೊಳೆದೆ. ಸಿಸ್ಟರ್ ಆದಮೇಲೆ ಕೂರುವ ಸರದಿ ನನ್ನದು.