ಜೈಲಿಗೆ ಹೋಗುವ ಹುದ್ದೆ

"ಲೇ ಕತ್ತೆ, ಅಧಿಕಾರಿ ಆದ್ಮೇಲೂ ಹಲ್ಲು ಗಿಂಜ್ತೀಯಲ್ಲೋ! ನೆಟ್ಟಗೆ ನಿಂತ್ಕೋ!"

ಧಣಿ ಬೈದದ್ದು ನನಗೇ. ಎದುರಿಗೆ ಫೋಟೋದವನು ನಿಂತಿದ್ದ. ಧಣಿಯ ಡ್ರೈವರಿನ ಬಿಳಿ ಅಂಗಿ ನನಗೆ ತೊಡಿಸಿದ್ದರು. ಕುತ್ತಿಗೆಯ ಗುಂಡಿ ಹಾಕಿದರೆ ಉಸಿರು ಕಟ್ಟುತ್ತಿತ್ತು. ಆಸಿಡ್ ತಿಂದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೋ ಅಂದರು. ಫೋಟೋ ಆಯಿತು, ಅಂಗಿ ಬಿಚ್ಚಿಸಿಕೊಂಡರು. ಬನಿಯನ್ನಿನಲ್ಲಿ ನಿಂತ ನಾನು ಕಾರ್ಖಾನೆಯ ಸುರಕ್ಷತಾ ಅಧಿಕಾರಿ.

ನಮ್ಮದು ಕಬ್ಬಿಣದ ಪೈಪಿಗೆ ಸತುವಿನ ಲೇಪ ಹಾಕುವ ಕಾರ್ಖಾನೆ. ಪೈಪನ್ನು ಮೊದಲು ಆಸಿಡ್ ತೊಟ್ಟಿಯಲ್ಲಿ ಅದ್ದಿ ತುಕ್ಕು ತೆಗೆಯಬೇಕು, ಆಮೇಲೆ ಕರಗಿದ ಸತುವಿನ ಕೊಪ್ಪರಿಗೆಯಲ್ಲಿ ಮುಳುಗಿಸಬೇಕು. ಹೋದ ವರ್ಷ ತೊಟ್ಟಿಯ ತಳದ ರಾಡಿ ಬಾಚಲು ಇಳಿದ ನಮ್ಮ ಜೊತೆಗಾರ ಸೊಟ್ಟಮೂಗನನ್ನು ನಾವು ಹಗ್ಗ ಹಾಕಿ ಹೆಣವಾಗಿ ಮೇಲೆಳೆದೆವು. ಕುಡಿದು ಬಿದ್ದ ಅಂದರು ಧಣಿ. ಅವನು ಚಹಾ ಬಿಟ್ಟರೆ ಬೇರೇನೂ ಕುಡಿದವನಲ್ಲ.

ಅದಾದ ಮೇಲೆ ಹೊಸ ಕಾಯ್ದೆ ಬಂತು. ಕೆಲಸದಲ್ಲಿ ಯಾರಾದರೂ ಸತ್ತರೆ ಇನ್ನು ಮಾಲೀಕನಿಗೇ ಜೈಲಂತೆ. ಕೇಳಿ ನಾವು ಕುಣಿದಾಡಿದ್ದೇ ಕುಣಿದಾಡಿದ್ದು. ಆದರೆ ಕಾಯ್ದೆ ಚಾಪೆ ಕೆಳಗೆ ತೂರಿದರೆ ಧಣಿಯ ವಕೀಲ ರಂಗೋಲಿ ಕೆಳಗೆ ತೂರುವವನು. ಮಾಲೀಕ ಒಬ್ಬ ಸುರಕ್ಷತಾ ಅಧಿಕಾರಿಯನ್ನು ನೇಮಿಸಿಬಿಟ್ಟರೆ ಜೈಲು ಆ ಅಧಿಕಾರಿಗೆ ಎಂದು ಅದೇ ಕಾಯ್ದೆಯಲ್ಲಿ ಹುಡುಕಿ ತೆಗೆದ. ನನಗೆ ಸಹಿ ಹಾಕಲು ಬರುತ್ತದೆ, ಎದುರಾಡಲು ಬರುವುದಿಲ್ಲ. ಅವರಿಗೆ ಇನ್ನೇನು ಬೇಕು?

"ಸಾಯೋರೂ ನಾವೇ, ಜೈಲಿಗೆ ಹೋಗೋರೂ ನಾವೇನಾ?" ಎಂದಳು ಅಕ್ಕ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಯಾಕೋ ಸಹಿ ಹಾಕ್ದೆ?"

"ಹಾಕ್ದಿದ್ರೆ ನಾಳೆಯಿಂದ ಬರ್ಬೇಡ ಅಂದ್ರು ಕಣಕ್ಕ."

ಅವಳ ಗಂಡನೂ, ಅಂದರೆ ನನ್ನ ಭಾವ, ಅದೇ ತೊಟ್ಟಿಯ ಕೆಲಸದವನು. "ಬಿಡೇ, ನಮ್ಮನೇಲೂ ಒಬ್ಬ ಆಫೀಸರ್ ಆದ," ಅಂತ ನಕ್ಕ. ನಕ್ಕರೆ ಅವನಿಗೆ ಕೆಮ್ಮು ಬರುತ್ತಿತ್ತು.

ಇವತ್ತು ಬೆಳಿಗ್ಗೆ ತೊಟ್ಟಿ ಬಸಿದರು. ತೊಟ್ಟಿಯ ವಿಷದ ಹೊಗೆ ಹೊರಗೆಳೆಯುವ ಫ್ಯಾನು ಕೆಟ್ಟು ಕೂತಿತ್ತು. ಧಣಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದು ಭಾವನ ಕಡೆ ಬೆರಳು ತೋರಿಸಿದರು.

"ಇಳಿಯೋ. ಮಧ್ಯಾಹ್ನದೊಳಗೆ ರಾಡಿ ತೆಗ್ದಿರ್ಬೇಕು."

ಭಾವ ಏಣಿಗೆ ಕಾಲಿಟ್ಟ. ನನಗೆ ಅಕ್ಕನ ಮುಖ ಕಣ್ಣಿಗೆ ಕಟ್ಟಿತು.

"ಧಣಿ, ಫ್ಯಾನು ರಿಪೇರಿ ಆಗ್ಲಿ. ಅಲ್ಲಿವರ್ಗೂ ಇಳಿಯೋದು ಬೇಡ."

"ಬೇಡ ಅನ್ನೋಕೆ ನೀನ್ಯಾವನೋ?"

"ಸುರಕ್ಷತಾ ಅಧಿಕಾರಿ ಧಣಿ. ನೀವೇ ಮಾಡಿದ್ದು."

ಮೊದಲು ನಕ್ಕರು. ಆಮೇಲೆ ಕೆನ್ನೆಗೆ ಬಾರಿಸಿದರು. "ಬೋಳಿಮಗನೆ! ಅದು ಯಾರಾದ್ರೂ ಸತ್ರೆ ಜೈಲಿಗೆ ಹೋಗೋಕೆ ಕೊಟ್ಟ ಹುದ್ದೆ ಕಣೋ, ನಂಗೆ ಬುದ್ಧಿ ಹೇಳೋಕಲ್ಲ." ಭಾವನ ಕಡೆ ತಿರುಗಿದರು. "ಲೇ, ನೀನಿಳಿಯೋ! ಇಲ್ಲಾಂದ್ರೆ ಇಬ್ರೂ ಮನೆ ಕಡೆ ನಡೀರಿ."

"ನಾಲ್ಕು ಬುಟ್ಟಿ ತೆಗ್ದು ಬಂದ್ಬಿಡ್ತೀನಿ ಬಿಡೋ," ಎಂದು ಭಾವ ಇನ್ನೊಂದು ಮೆಟ್ಟಿಲು ಇಳಿದ. ನಾನು ಅವನ ರಟ್ಟೆ ಹಿಡಿದು ಮೇಲೆಳೆದೆ.

"ಇಲ್ಲೇ ನಿಂತ್ಕೋ ಭಾವ. ಅಕ್ಕನಾಣೆ."

ಕೊಪ್ಪರಿಗೆಯ ಒಲೆಯನ್ನು ಯಾರೂ ಆರಿಸುವುದಿಲ್ಲ. ರಜೆಯ ದಿನವೂ ಉರಿಯುತ್ತಿರಬೇಕು. ಆರಿದರೆ ಸತು ಗಟ್ಟಿಯಾಗಿ ಕಚ್ಚಿಕೊಂಡು ಕೊಪ್ಪರಿಗೆಯೇ ಹಾಳು. ಸೊಟ್ಟಮೂಗ ಸತ್ತ ದಿನವೂ ಅದು ಆರಿರಲಿಲ್ಲ. ನಾನು ಹೋಗಿ ಗ್ಯಾಸಿನ ವಾಲ್ವು ತಿರುಗಿಸಿ ಬಂದ್ ಮಾಡಿದೆ. ಹಿಡಿಕೆಯಿಲ್ಲದೆ ಅದು ಮತ್ತೆ ತೆರೆಯದು; ಆ ಹಿಡಿಕೆಯನ್ನು ಕಿತ್ತು ತಂದು ತೊಟ್ಟಿಯೊಳಕ್ಕೆ ಎಸೆದೆ. ರಾಡಿಯಲ್ಲಿ ಅದು ಬುಳಕ್ಕನೆ ಹೂತುಹೋಯಿತು.

"ಬೇಕಾದ್ರೆ ಇಳಿದು ತಗೊಳ್ಳಿ ಧಣಿ," ಅಂದೆ.

ಹಿಡಿಕೆ ತೆಗೆಯಲು ಇಳಿಯಿರೆಂದು ಧಣಿ ಕೆಲಸದವರಲ್ಲಿ ಒಬ್ಬೊಬ್ಬರನ್ನೇ ಕೂಗಿದರು. ಪೊಲೀಸು ಅಂದರು, ಡಬಲ್ ಕೂಲಿ ಅಂದರು, ಕೊನೆಗೆ ಅಪ್ಪಾ ಅಣ್ಣಾ ಅಂದರು. ಯಾರೂ ಕದಲಲಿಲ್ಲ. ಭಾವ ನನ್ನ ಪಕ್ಕಕ್ಕೆ ಬಂದು ನಿಂತು ಕೆಮ್ಮಿದ. ಕಡೆಗೆ ಧಣಿಯೇ ಏಣಿಯ ಮೊದಲ ಮೆಟ್ಟಿಲಿಗೆ ಬೂಟುಗಾಲು ಇಟ್ಟರು. ಕೆಳಗಿನ ಘಾಟು ಮೂಗಿಗೆ ಬಡಿಯಿತು. ಕಣ್ಣು ಮುಚ್ಚಿಕೊಂಡು ಅಲ್ಲೇ ನಿಂತರು. ಆಚೆ ಕೊಪ್ಪರಿಗೆಯಲ್ಲಿ ಸತು ಕೆನೆಗಟ್ಟತೊಡಗಿತ್ತು.